ಖಾಲಿ ವಾರ್ಡಿನ ಫೋಟೊ ಮತ್ತು ಅವ್ವನ ಸಿಟ್ಟು

ಪ್ರಶ್ನೆ: ನಾನು ಕಲಬುರಗಿಯವನು, ವಯಸ್ಸು 26. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಓದುತ್ತಿದ್ದೇನೆ. ಪಾಳುಬಿದ್ದ ಹಳೆಯ ಮಾನಸಿಕ ಆಸ್ಪತ್ರೆಗಳಿಗೆ ಹೋಗಿ ಫೋಟೊ ತೆಗೆಯುವುದೆಂದರೆ ನನಗೆ ಊಟ ನಿದ್ದೆ ಬೇಡ. ರಜೆಗೆ ಬಂದಾಗ ಮನೆಯಲ್ಲಿ ತೋರಿಸಿದೆ. ಬೆಲ್ಟು ಇದ್ದ ಒಂದು ಮಂಚ ನೋಡಿ ಅವ್ವ ಎದ್ದು ಹೋದಳು. 'ಇವನ್ನ ಮನ್ಯಾಗ ತರಬ್ಯಾಡ' ಅಂದಳು. ಅವ್ವನಿಗೆ ಒಬ್ಬ ಅಕ್ಕ ಇದ್ದಳು, ಆಸ್ಪತ್ರೆಗೆ ಸೇರಿಸಿದವರು ತಿರುಗಿ ಕರೆತರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನನ್ನ ಆಸೆ ತಪ್ಪಾ? ಫೋಟೊ ಅಳಿಸಿಬಿಡಲಾ?

ಉತ್ತರ: ಅಳಿಸಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಿಮ್ಮೂರಿನ ಹಳೆಯ ಗೋರಿಗಳ ಹಫ್ತ್ ಗುಂಬಜ್ ಸುತ್ತ ಆಡಿ ಬೆಳೆದ ಹುಡುಗನಿಗೆ ಹಾಳು ಗೋಡೆ ಕಂಡರೆ ಕಾಲು ನಿಲ್ಲುವುದು ಸಹಜ. ಅದರಲ್ಲೂ ಆ ಆಸ್ಪತ್ರೆಗಳು ನಿಜಕ್ಕೂ ಚೆಂದ. ನೀವು ಕಳಿಸಿದ ಫೋಟೊಗಳಲ್ಲಿ ಉದ್ದ ಕಿಟಕಿಯಿಂದ ಬೀಳುವ ಬೆಳಕಿದೆ ನೋಡಿ, ಅದನ್ನು ಬೇಕೆಂದೇ ತಂದದ್ದು. 19ನೇ ಶತಮಾನದಲ್ಲಿ ಥಾಮಸ್ ಕರ್ಕ್‌ಬ್ರೈಡ್ ಎಂಬ ವೈದ್ಯರು, ಗಾಳಿ ಬೆಳಕು ಚೆನ್ನಾಗಿದ್ದರೆ ಮನಸ್ಸು ವಾಸಿಯಾಗುತ್ತದೆ ಎಂದು ನಂಬಿದ್ದರು. ಅವರ ನಕ್ಷೆಯಂತೆ ಅಲ್ಲಿ ಎಷ್ಟೋ ಆಸ್ಪತ್ರೆ ಕಟ್ಟಿದರು. ನೀವು ಹೋಗಿದ್ದ ವೆಸ್ಟ್ ವರ್ಜೀನಿಯಾದ ವೆಸ್ಟನ್ ಆಸ್ಪತ್ರೆಯೂ ಅಂಥದ್ದೇ. 250 ಜನರಿಗೆಂದು ಕಟ್ಟಿದ್ದು. 1950ರ ದಶಕದಲ್ಲಿ ಅಲ್ಲಿ ಸುಮಾರು 2,400 ಜನ ಇದ್ದರು! 1994ರಲ್ಲಿ ಮುಚ್ಚಿತು. ಅಷ್ಟು ದೊಡ್ಡ ಆಸೆಯಿಂದ ಕಟ್ಟಿದ ಮನೆ ಹಾಗಾದದ್ದು ನಿಮ್ಮನ್ನು ಎಳೆಯುತ್ತಿದ್ದರೆ, ನಿಮ್ಮ ಮನಸ್ಸಿನಲ್ಲಿ ಯಾವ ಕೊಳಕೂ ಇಲ್ಲ.

ಆದರೆ ಒಂದು ಮಾತು ಕೇಳಲೇಬೇಕು. ಬೆಳಕಿನ ನಡುವೆ ಸರಿಯಾಗಿ ನಿಂತಿರುವ ಆ ಗಾಲಿಕುರ್ಚಿ ಮೊದಲೇ ಅಲ್ಲಿತ್ತಾ, ನೀವು ತಳ್ಳಿಕೊಂಡು ಬಂದಿರಾ? ತಳ್ಳಿದ್ದರೆ ಆ ಒಂದು ಫೋಟೊ ತೆಗೆದುಹಾಕಿ. ಕೆಳಗೆ 'ದೆವ್ವದ ವಾರ್ಡು' ಎಂದು ಬರೆದಿದ್ದೀರಿ, ಅದನ್ನೂ. ಅಲ್ಲಿ ಇದ್ದವರು ಕಾಯಿಲೆಯ ಮನುಷ್ಯರು.

ನ್ಯೂಯಾರ್ಕ್ ರಾಜ್ಯದ ವಿಲ್ಲರ್ಡ್ ಆಸ್ಪತ್ರೆ 1995ರಲ್ಲಿ ಮುಚ್ಚಿದಾಗ ಅಟ್ಟದ ಮೇಲೆ 400ಕ್ಕೂ ಹೆಚ್ಚು ಸೂಟ್‌ಕೇಸು ಸಿಕ್ಕವು. ಸೇರುವ ದಿನ ಜನ ತಂದಿದ್ದವು. ಜಾನ್ ಕ್ರಿಸ್ಪಿನ್ ಎಂಬ ಫೋಟೊಗ್ರಾಫರ್ ಒಂದೊಂದನ್ನೇ ತೆರೆದು, ಒಳಗಿದ್ದ ಬಟ್ಟೆಬರೆ, ಪತ್ರಗಳ ಫೋಟೊ ತೆಗೆದರು. ಅವನ್ನು ಒಮ್ಮೆ ಸಮಾಧಾನವಾಗಿ ನೋಡಿ. ಒಬ್ಬ ಮನುಷ್ಯರೂ ಇಲ್ಲದೆ ಅಷ್ಟು ಮನುಷ್ಯರು ಕಾಣುತ್ತಾರೆ.

ನಿಮ್ಮ ಅವ್ವನಿಗೆ ಆ ಮಂಚ ಖಾಲಿ ಕಾಣಲಿಲ್ಲ. ನಮ್ಮ ಕಡೆ ಜಗಳ ಬಂದರೆ ಸಾಕು, 'ಇವನಿಗೆ ಧಾರವಾಡಕ್ಕೆ ಕಳಸ್ರಿ' ಅಂತ, ಅಂದರೆ ಅಲ್ಲಿನ ಮಾನಸಿಕ ಆಸ್ಪತ್ರೆಗೆ, ಸಲೀಸಾಗಿ ಅಂದುಬಿಡುತ್ತೇವೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಆ ಮಾತು ಕೇಳಿಸಿಕೊಂಡು ಇಷ್ಟು ವರ್ಷ ಅವರು ಸುಮ್ನೆ ಕೂತಿದ್ದಾರೆ. ಇನ್ನೊಂದು ಸಂಗತಿಯೂ ಇರಬಹುದು. ಆಗೆಲ್ಲ ಅಕ್ಕನ ಕಾಯಿಲೆ ಮುಚ್ಚಿಟ್ಟರೇ ತಂಗಿಗೆ ಗಂಡು ಸಿಗುತ್ತಿತ್ತು. ಅವ್ವನ ಮದುವೆಯೂ ಹಾಗೆ ಆಗಿದ್ದರೆ, ಆ ಭಾರ ಎಷ್ಟಿರಬೇಕು ಅಲ್ವಾ?

ಅವರು ತೊಗರಿ ಆರಿಸುತ್ತಾ ಕೂತಾಗ ಪಕ್ಕದಲ್ಲಿ ಕೂತು ನೀವೂ ಆರಿಸಿ. ಫೋಟೊದ ಸುದ್ದಿ ಬೇಡ. ದೊಡ್ಡವ್ವನ ಹೆಸರೇನು, ಏನು ತಿನ್ನಲು ಇಷ್ಟ ಇತ್ತು, ನಿನ್ನನ್ನು ಎತ್ತಿ ಆಡಿಸಿದ್ದಳಾ ಅಂತ ಕೇಳಿ. ಮೊದಲ ದಿನ ಬೈಸಿಕೊಳ್ಳಬಹುದು. ಮರುದಿನ ಮತ್ತೆ ಕೂತುಕೊಳ್ಳಿ.

ಪಿಟ್ಸ್‌ಬರ್ಗ್‌ಗೆ ಮರಳಿದ ಮೇಲೆ ಬೇಲಿ ಹಾರುವುದು ಬಿಡಿ. ಕೊಳೆತ ನೆಲ ಕಾಲಿಟ್ಟರೆ ಕುಸಿಯುತ್ತದೆ, ಹಳೆಯ ಕಟ್ಟಡದ ಆಸ್ಬೆಸ್ಟಾಸ್ ಧೂಳು ಶ್ವಾಸಕೋಶದಲ್ಲೇ ಉಳಿಯುತ್ತದೆ. ವೆಸ್ಟನ್‌ನಂಥ ಕಡೆ ಟಿಕೆಟ್ ಕೊಟ್ಟು ಒಳಗೆ ಬಿಡುತ್ತಾರಲ್ಲ, ಅಲ್ಲಿಗೆ ಹೋಗಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ದೊಡ್ಡವ್ವ ತೀರಿಕೊಂಡರು ಎಂದು ಎಲ್ಲೂ ಬರೆದಿಲ್ಲ. ಕರೆತರಲಿಲ್ಲ ಎಂದಷ್ಟೇ ಇದೆ. ಅವರು ಇದ್ದಾರಾ? ಮನೆಯವರು ಬೇಡ ಅಂದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಅವರ ಕಾಲಕ್ಕೆ ಅದು ಇರಲಿಲ್ಲ, ಈಗ ಇದೆ. ಅವ್ವ ಒಪ್ಪಿದರೆ ಇಬ್ಬರೂ ಆ ಆಸ್ಪತ್ರೆಗೆ ಹೋಗಿ ವಿಚಾರಿಸಿ. ಅದಕ್ಕೆ ರಜೆ ಸಾಲದಿದ್ದರೆ ವಿಮಾನದ ಟಿಕೆಟ್ ಮುಂದಕ್ಕೆ ಹಾಕಿ.