ಜರ್ನಲ್‌ಗೆ ಕಳಿಸಿದ ಲೇಖನ ನಾಲ್ಕು ತಿಂಗಳಿಂದ ‘ಅಂಡರ್ ರಿವ್ಯೂ’ (ಬೇರೆ ತಜ್ಞರು ಓದಿ ನೋಡುತ್ತಿದ್ದಾರೆ) ಅಂತಲೇ ಇದೆ, ಒಳಗೆ ಏನು ನಡೆಯುತ್ತಿರುತ್ತದೆ?

ರಿವ್ಯೂ ಮಾಡುವವರು ಪ್ರಯೋಗವನ್ನೆಲ್ಲ ಮತ್ತೆ ಮಾಡಿ ನೋಡುತ್ತಾರಾ ಅಂತಲೂ ಕೇಳಿದ್ದೀರಿ. ಇಲ್ಲ, ಬರೀ ಓದುತ್ತಾರೆ. ನಾನೂ ಲೇಖನ ಕಳಿಸಿ ಕಾದವನೇ, ಬೇರೆಯವರದ್ದನ್ನು ಇಟ್ಟುಕೊಂಡು ತಡ ಮಾಡಿದವನೂ ಹೌದು. ಸಮಯ ಜಾಸ್ತಿ ಹಿಡಿಯುವುದು ಓದುವವರನ್ನು ಹುಡುಕುವುದಕ್ಕೆ.

ಲೇಖನ ಮೊದಲು ಸಂಪಾದಕರ ಕೈಗೆ ಹೋಗುತ್ತದೆ. ತಮ್ಮ ಜರ್ನಲ್‌ಗೆ ಹೊಂದಲ್ಲ ಅನಿಸಿದರೆ ಅಲ್ಲಿಂದಲೇ ವಾಪಸ್. ದಾಟಿದರೆ, ಆ ವಿಷಯ ಗೊತ್ತಿರುವ ಇಬ್ಬರನ್ನೋ ಮೂವರನ್ನೋ ಕೇಳಬೇಕು. ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೊಡುವುದಿಲ್ಲ. ಒಬ್ಬರು ಆಗಲ್ಲ ಅನ್ನುತ್ತಾರೆ, ಇನ್ನೊಬ್ಬರು ಉತ್ತರವನ್ನೇ ಕೊಡುವುದಿಲ್ಲ, ಒಪ್ಪಿಕೊಂಡ ನನ್ನಂಥವರು ಗಡುವು ಮುಗಿದು ಎರಡನೇ ರಿಮೈಂಡರ್ ಬಂದ ಮೇಲೆ ಫೈಲ್ ತೆರೆಯುತ್ತೇವೆ.

ತೆರೆದ ಮೇಲೆ ನಾನು ನೇರ ಟೇಬಲ್‌ಗಳಿಗೆ ಹೋಗುತ್ತೇನೆ. ಒಮ್ಮೆ ವಿವರಣೆಯಲ್ಲಿ 52 ಜನ ಅಂತಿತ್ತು, ಟೇಬಲ್ ಕೂಡಿದರೆ 48. ಉಳಿದ ನಾಲ್ವರು ಎಲ್ಲಿ ಹೋದರು ಅಂತ ಒಂದು ಸಾಲು ಬರೆದೆ. ಮಧ್ಯದಲ್ಲೇ ಬಿಟ್ಟವರಂತೆ, ಅವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಮುಖ್ಯ ಫಲಿತಾಂಶವೇ ಸಪ್ಪೆಯಾಯಿತು. ಇಂಥದ್ದು ಸಿಕ್ಕಿಬೀಳುತ್ತದೆ. ಆದರೆ ಡೇಟಾವನ್ನೇ ತಿರುಚಿ ಅಚ್ಚುಕಟ್ಟಾಗಿ ಬರೆದು ಕಳಿಸಿದರೆ ಓದಿ ಹಿಡಿಯುವುದು ಕಷ್ಟ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಇಲ್ಲದ ನಂಟು ಹಾಕಿದ ಲೇಖನ 1998ರಲ್ಲಿ ಲ್ಯಾನ್ಸೆಟ್‌ನಂಥ ಹೆಸರಾಂತ ವೈದ್ಯಕೀಯ ಜರ್ನಲ್‌ನಲ್ಲೇ ಬಂತು. ಅದನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ!

ರಿವ್ಯೂ ಕೈಗೆ ಬಂದಾಗ ಸಿಟ್ಟು ಬರುತ್ತದೆ, ಬರಲಿ. ಐನ್‌ಸ್ಟೈನ್‌ಗೂ ಬಂದಿತ್ತು. 1936ರಲ್ಲಿ ಗುರುತ್ವ ಅಲೆಗಳೇ ಇಲ್ಲ ಅನ್ನುವ ಲೇಖನವನ್ನು ಫಿಸಿಕಲ್ ರಿವ್ಯೂ ಅನ್ನುವ ಜರ್ನಲ್‌ಗೆ ಕಳಿಸಿದ್ದರು, ಸಂಪಾದಕರು ಅದನ್ನು ಇನ್ನೊಬ್ಬರಿಗೆ ತೋರಿಸಿದ್ದಕ್ಕೇ ರೇಗಿ ವಾಪಸ್ ಪಡೆದರು. ತಪ್ಪು ಇದ್ದದ್ದು ನಿಜ, ಬೇರೆ ಜರ್ನಲ್‌ನಲ್ಲಿ ಅಚ್ಚಾಗುವಷ್ಟರಲ್ಲಿ ತೀರ್ಮಾನವೇ ಬದಲಾಗಿತ್ತು.

ಕೊನೆಯ ಮಾತು ಸಂಪಾದಕರದ್ದು, ನಮ್ಮದು ಸಲಹೆ ಅಷ್ಟೆ. ಒಬ್ಬರು ಹೊಗಳಿ ಇನ್ನೊಬ್ಬರು ಝಾಡಿಸಿದರೆ ಮತ್ತೊಬ್ಬರನ್ನು ಹುಡುಕಬೇಕು, ಮತ್ತೆ ಅದೇ ಕಥೆ. ‘ಮೇಜರ್ ರಿವಿಷನ್’, ಅಂದರೆ ದೊಡ್ಡ ತಿದ್ದುಪಡಿ ಮಾಡಿ ಕಳಿಸಿ ಅಂತ ಬಂದರೆ ಕುಗ್ಗಬೇಡಿ, ರಿಜೆಕ್ಟ್ ಆಗಿಲ್ಲ ಅಲ್ವಾ. ಪ್ರತಿ ಪ್ರಶ್ನೆಯ ಕೆಳಗೂ ಏನು ಬದಲಿಸಿದಿರಿ, ಯಾವ ಪುಟ, ಯಾವ ಸಾಲು ಅಂತ ಬರೆಯಿರಿ. ಒಪ್ಪದಿದ್ದರೆ ಕಾರಣ ಕೊಟ್ಟು ಒಪ್ಪಿಲ್ಲ ಅಂತಲೂ ಹೇಳಬಹುದು. ಸುಮ್ನೆ ‘ಸರಿಪಡಿಸಿದ್ದೇವೆ’ ಅಂತ ಬರೆದು ಏನೂ ಮಾಡದೆ ಕಳಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಸದ್ಯಕ್ಕೆ ಲೇಖನದ ನಂಬರ್ ಹಾಕಿ ಸಂಪಾದಕರಿಗೆ ಎರಡು ಸಾಲಿನ ಮೇಲ್ ಬರೆಯಿರಿ, ನಾಲ್ಕು ತಿಂಗಳಾದ ಮೇಲೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಾದು ಸಾಕಾಯಿತು ಅಂತ ಅದನ್ನೇ ಇನ್ನೊಂದು ಜರ್ನಲ್‌ಗೂ ಕಳಿಸಬೇಡಿ. ಒಂದೊಂದು ವಿಷಯದಲ್ಲಿ ರಿವ್ಯೂ ಮಾಡುವವರೇ ಬೆರಳೆಣಿಕೆಯಷ್ಟು ಜನ, ಎರಡೂ ಕಡೆಯವರು ಒಬ್ಬರನ್ನೇ ಕೇಳಿಬಿಟ್ಟಾರು.