ಇಇಜಿ ಮಾಡಿಸಿದರೆ ಮರೆಗುಳಿತನದ ಕಾಯಿಲೆ ಖಚಿತವಾಗುತ್ತದೆಯೇ?

ಇಲ್ಲ, ಕೇರಳದ ಬದಿಯಡ್ಕದಲ್ಲಿರುವ ನಿಮ್ಮ ತಾಯಿಯವರಿಗೆ ವೈದ್ಯರು ಬರೆದುಕೊಟ್ಟಿರುವ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ) ಒಂದರಿಂದಲೇ ಡಿಮೆನ್ಶಿಯಾ ಎಂಬ ಮರೆಗುಳಿತನದ ಕಾಯಿಲೆ ಖಚಿತವಾಗುವುದಿಲ್ಲ, ಆದರೂ ಆ ಪರೀಕ್ಷೆ ವ್ಯರ್ಥವಲ್ಲ. ಇದರಲ್ಲಿ ತಲೆಗೆ ಅಂಟಿಸುವ ಪುಟ್ಟ ಬಿಲ್ಲೆಗಳು ಮಿದುಳಿನ ಅಸಂಖ್ಯ ನರಕೋಶಗಳು ಒಟ್ಟಾಗಿ ಹೊಮ್ಮಿಸುವ ಸೂಕ್ಷ್ಮ ವಿದ್ಯುತ್ತನ್ನು ಅಲೆಗಳಾಗಿ ದಾಖಲಿಸುತ್ತವೆ. ಕಣ್ಣು ಮುಚ್ಚಿ ಎಚ್ಚರವಾಗಿರುವ ಆರೋಗ್ಯವಂತರಲ್ಲಿ ತಲೆಯ ಹಿಂಭಾಗದ ಅಲೆಗಳು ಸಾಮಾನ್ಯವಾಗಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುತ್ತವೆ. ಡಿಮೆನ್ಶಿಯಾದ ಒಂದು ಬಗೆಯಾದ ಅಲ್ಜೈಮರ್ ಕಾಯಿಲೆಯಲ್ಲಿ ನರಕೋಶಗಳ ನಡುವಿನ ಸಂಪರ್ಕ ಕ್ಷೀಣಿಸುತ್ತ ಹೋದಂತೆ ಈ ಲಯ ನಿಧಾನವಾಗುತ್ತದೆ. ಆದರೆ ಸೋಂಕು, ಔಷಧಿಗಳಿಂದಲೂ ಹೀಗಾಗಬಹುದು. ಮರೆವಿಗೆ ಕಾರಣವಾಗಬಲ್ಲ ಖಿನ್ನತೆಯನ್ನು ಗುರುತಿಸಿಕೊಡುವ ನಿರ್ದಿಷ್ಟ ಅಲೆಯಂತೂ ಇಲ್ಲ. ಮರೆವಿನಂತೆ ತೋರುವ ಅಪಸ್ಮಾರವನ್ನು (ಮೂರ್ಛೆರೋಗ) ಪತ್ತೆ ಹಚ್ಚುವುದಕ್ಕೆ ಇಇಜಿ ಬಹಳ ಉಪಯುಕ್ತ, ಅದಕ್ಕೆ ಚಿಕಿತ್ಸೆಯೂ ಇದೆ. ಇನ್ನು ನೆನಪಿನ ಪರೀಕ್ಷೆಯನ್ನು ಮಲಯಾಳದಲ್ಲಲ್ಲ, ತಾಯಿಯವರ ಮನೆಮಾತಾದ ಕನ್ನಡದಲ್ಲೇ ನಡೆಸುವಂತೆ ದಯವಿಟ್ಟು ಕೇಳಿಕೊಳ್ಳಿ.