ಆಪ್ತ ಸಲಹೆ: ಆಸೆ ಮೊದಲೇ ಹುಟ್ಟಬೇಕೆಂಬ ನಿಯಮವಿಲ್ಲ

ಪ್ರಶ್ನೆ: ನನಗೆ 34 ವರ್ಷ. ಮದುವೆಯಾಗಿ ಹತ್ತು ವರ್ಷ, ಇಬ್ಬರು ಮಕ್ಕಳು, ಅತ್ತೆ-ಮಾವ ಜೊತೆಗೇ ಇದ್ದಾರೆ. ನನಗಾಗಿಯೇ ಯಾವತ್ತೂ ಮನಸ್ಸಾಗುವುದಿಲ್ಲ. ಆದರೆ ಯಜಮಾನರು ಹತ್ತಿರ ಬಂದು ಸ್ವಲ್ಪ ಹೊತ್ತಾದ ಮೇಲೆ ಹಿತವೆನಿಸುತ್ತದೆ, ತೃಪ್ತಿಯೂ ಸಿಗುತ್ತದೆ. 'ನೀನಾಗಿ ಒಂದು ದಿನವೂ ಕರೆದವಳಲ್ಲ, ನಿನಗೆ ನನ್ನ ಮೇಲೆ ಪ್ರೀತಿಯೇ ಇಲ್ಲ' ಎಂದು ಅವರಿಗೆ ಸಿಟ್ಟು. ನನ್ನಲ್ಲಿ ದೋಷವಿದೆಯೇ?
- ಹೆಸರು ಬೇಡ, ದಾವಣಗೆರೆ

ಉತ್ತರ: ದೋಷವಿಲ್ಲ. ಮೊದಲು ಆಸೆ, ಆಮೇಲೆ ಉದ್ರೇಕ, ಕೊನೆಗೆ ತೃಪ್ತಿ ಎಂಬ ಸರಣಿ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ವೈದ್ಯಶಾಸ್ತ್ರವೂ ಬಹಳ ಕಾಲ ಹೀಗೇ ನಂಬಿತ್ತು. 2000ರಲ್ಲಿ ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ ಬೇರೊಂದು ಕ್ರಮವನ್ನು ಮುಂದಿಟ್ಟರು: ದೀರ್ಘ ದಾಂಪತ್ಯದಲ್ಲಿ ಅನೇಕ ಹೆಂಗಸರು ಆಸೆಯೂ ಅಲ್ಲದ, ಬೇಸರವೂ ಅಲ್ಲದ ಸ್ಥಿತಿಯಿಂದ ಆರಂಭಿಸುತ್ತಾರೆ, ಆತ್ಮೀಯತೆ ಬೇಕೆನಿಸಿ ಹತ್ತಿರವಾಗುತ್ತಾರೆ, ಸ್ಪರ್ಶದಿಂದ ದೇಹ ಎಚ್ಚೆತ್ತ ಮೇಲೆ ಆಸೆ ಹುಟ್ಟುತ್ತದೆ. ನಿಮ್ಮ ಅನುಭವ ಇದೇ. ಗಂಡಸರಲ್ಲೂ ಇಂಥವರಿದ್ದಾರೆ, ಬಾಯಿಬಿಟ್ಟು ಹೇಳುವವರು ಕಡಿಮೆ.

ಆಸೆ ಕಡಿಮೆಯಿರುವುದನ್ನು ಸಮಸ್ಯೆ ಎನ್ನಬೇಕಾದರೆ ಅದು ಸುಮಾರು ಆರು ತಿಂಗಳಾದರೂ ಇರಬೇಕು, ಮುಖ್ಯವಾಗಿ ನಿಮ್ಮನ್ನೇ ಕಾಡುತ್ತಿರಬೇಕು. ಗಂಡನಿಗೆ ಮಾತ್ರ ಕಿರಿಕಿರಿಯಾಗುತ್ತಿದ್ದರೆ ಅದು ಇಬ್ಬರ ಆಸೆಯ ನಡುವಿನ ಅಂತರ, ಕಾಯಿಲೆಯಲ್ಲ. ನಿಮ್ಮ ಯಜಮಾನರಿಗೂ ಒಂದು ಮಾತು: 'ಶುರುವಾದ ಮೇಲೆ ಹಿತವಾಗುತ್ತದೆ' ಎಂಬುದು ಒತ್ತಾಯಕ್ಕೆ ಪರವಾನಗಿಯಲ್ಲ. ಬೇಡವೆಂದ ದಿನ ಬೇಡವೇ.

ಲೈಂಗಿಕತೆಯ ಸಂಶೋಧನೆಗೆ ಹೆಸರಾದ ಅಮೆರಿಕದ ಕಿನ್ಸೆ ಸಂಸ್ಥೆಯ ಬ್ಯಾನ್‌ಕ್ರಾಫ್ಟ್ ಮತ್ತು ಯಾನ್ಸೆನ್ ಲೈಂಗಿಕ ಪ್ರತಿಕ್ರಿಯೆಗೆ ಆಕ್ಸಿಲರೇಟರ್, ಬ್ರೇಕ್ ಎರಡೂ ಇವೆಯೆಂದು ತೋರಿಸಿದರು. ಜನ ಆಕ್ಸಿಲರೇಟರ್ ಒತ್ತುವುದರಲ್ಲೇ ಇರುತ್ತಾರೆ: ಹೊಸ ನೈಟಿ, ವಿಡಿಯೊ, ಲೇಹ್ಯ. ಒತ್ತಿರುವ ಬ್ರೇಕನ್ನು ನೋಡುವುದೇ ಇಲ್ಲ. ನಿಮ್ಮ ಮನೆಯಲ್ಲಿ ಬ್ರೇಕ್ ಎಲ್ಲೆಲ್ಲಿರಬಹುದು? ಚಿಲಕ ಸರಿಯಾಗಿ ಬೀಳದ ಬಾಗಿಲು, ಪಕ್ಕದಲ್ಲೇ ಮಲಗುವ ಮಗು, ಗೋಡೆಯಾಚೆ ಮಾವನವರ ಕೆಮ್ಮು, ರಾತ್ರಿ ಹನ್ನೊಂದಕ್ಕೆ ಮುಗಿಯುವ ಪಾತ್ರೆ, ಬೆಳಗ್ಗೆ ಐದಕ್ಕೆ ಏಳಬೇಕೆಂಬ ಲೆಕ್ಕ. ಚಿಲಕವನ್ನು ಈ ವಾರವೇ ಸರಿಮಾಡಿಸಿ. ರಾತ್ರಿಯ ಪಾತ್ರೆ ಅವರ ಪಾಲಿಗಿರಲಿ; ಇದು ತಮಾಷೆಗೆ ಹೇಳಿದ್ದಲ್ಲ.

ಆಮೇಲೆ ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ವಿವರಿಸಿದ ಸ್ಪರ್ಶದ ಅಭ್ಯಾಸವನ್ನು ಇಬ್ಬರೂ ಒಪ್ಪಿ ಮಾಡಿ. ವಾರಕ್ಕೆ ಎರಡು ಸಲ, ಮೈಮನಸ್ಸು ದಣಿದಿರದ ಹೊತ್ತಿನಲ್ಲಿ, ಫೋನ್ ಹೊರಗಿಟ್ಟು. ಮೊದಲ ಎರಡು ವಾರ ಸಂಭೋಗ ಪೂರ್ತಿ ನಿಷಿದ್ಧ. ಸ್ತನ, ಜನನಾಂಗ ಬಿಟ್ಟು ಉಳಿದ ಮೈಯನ್ನು ಒಬ್ಬರು ಹದಿನೈದು ನಿಮಿಷ ಮುಟ್ಟುವುದು, ಆಮೇಲೆ ಸರದಿ ಬದಲು. ಮುಟ್ಟುವವರು ಎದುರಿನವರನ್ನು ಖುಷಿಪಡಿಸಲು ಹೋಗಬಾರದು. ಬಿಸುಪು, ನುಣುಪು, ಒತ್ತಡದ ಕಡೆಗಷ್ಟೇ ಗಮನ. ಮುಟ್ಟಿಸಿಕೊಳ್ಳುವವರು ಹಿತವಾಗದ್ದನ್ನು ಮಾತ್ರ ಹೇಳಿದರೆ ಸಾಕು. ಇದು ನೆಮ್ಮದಿಯಾಗಿ ಸಾಗಿದ ಮೇಲೆ ಬಿಟ್ಟ ಭಾಗಗಳನ್ನೂ ಸೇರಿಸಿಕೊಳ್ಳಿ, ಸ್ಖಲನ ಅಥವಾ ತೃಪ್ತಿಯ ಗುರಿಯಿಲ್ಲದೆ. ಸಂಭೋಗ ಕೊನೆಯ ಹಂತ. ಅಲ್ಲೂ ಮೊದಲು ಚಲನೆಯಿಲ್ಲದೆ, ವೇಗ ಹೆಂಡತಿಯ ಕೈಯಲ್ಲಿರುವ ಭಂಗಿಯಲ್ಲಿ.

ಇದು ಕೆಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಮೂರನೇ ಸಲಕ್ಕೇ ಗಂಡ 'ಇವತ್ತೊಂದಿನ' ಎನ್ನುತ್ತಾನೆ. ಒಪ್ಪಿದಿರೋ, ಮುಂದಿನ ಸಲ ಭುಜದ ಮೇಲೆ ಕೈ ಬಿದ್ದ ಕೂಡಲೇ ಮೈ ಬಿಗಿಯುತ್ತದೆ. ಏಕೆಂದರೆ ಸ್ಪರ್ಶವೆಂದರೆ ಮತ್ತೆ 'ಅದಕ್ಕೇ' ಎಂದಾಯಿತು. ನಿಷೇಧವೇ ಇಲ್ಲಿ ಔಷಧಿ. ಸಂಭೋಗದಲ್ಲಿ ನೋವಿದ್ದರೆ ಮಾತ್ರ ಇದನ್ನು ಶುರುಮಾಡದೆ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ. ನೋವಾಗುವ ಕೆಲಸವನ್ನು ಬಯಸು ಎಂದರೆ ಯಾವ ದೇಹವೂ ಬಯಸದು.

ಪ್ರಶ್ನೆ: 38 ವರ್ಷ, ಸ್ವಂತ ವ್ಯಾಪಾರ. ಎಂಟು ತಿಂಗಳಿಂದ ಆಸಕ್ತಿಯೇ ಸತ್ತುಹೋಗಿದೆ. ಇನ್ನೊಂದು ಮಗು ಬೇಕೆಂಬ ಯೋಚನೆಯೂ ಇದೆ. ಜಿಮ್ಮಿನ ಗೆಳೆಯ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೋ ಅನ್ನುತ್ತಾನೆ. ಗ್ಯಾಸ್ಟ್ರಿಕ್ ಮಾತ್ರೆ ಬಿಟ್ಟರೆ ಬೇರೇನೂ ತಗೊಳ್ಳುವುದಿಲ್ಲ.
- ಕೆ., ಹುಬ್ಬಳ್ಳಿ

ಉತ್ತರ: ಮಗು ಬೇಕೆನ್ನುವವರು ಆ ಇಂಜೆಕ್ಷನ್ ಹತ್ತಿರ ಸುಳಿಯಲೇಬಾರದು. ಹೊರಗಿನಿಂದ ಹಾರ್ಮೋನ್ ಬಂದ ಕೂಡಲೇ ಮೆದುಳು ವೃಷಣಗಳಿಗೆ ಕಳಿಸುವ ಸಂಕೇತ ನಿಲ್ಲಿಸುತ್ತದೆ. ವೀರ್ಯಾಣು ಸಂಖ್ಯೆ ಸೊನ್ನೆಗೂ ಇಳಿಯಬಹುದು. ನಿಲ್ಲಿಸಿದ ಮೇಲೆ ಚೇತರಿಕೆಗೆ ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕು.

ನೀವು ಲೆಕ್ಕಕ್ಕೇ ಇಡದ ಆ ಗ್ಯಾಸ್ಟ್ರಿಕ್ ಮಾತ್ರೆಯ ಸ್ಟ್ರಿಪ್ ಹಿಂಬದಿಯನ್ನು ಓದಿ. ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಅಥವಾ ಡೊಂಪೆರಿಡೋನ್ ಎಂದಿದೆಯೇ? ಇವೆರಡೂ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತವೆ. ಪ್ರೊಲ್ಯಾಕ್ಟಿನ್ ಏರಿದರೆ ಟೆಸ್ಟೊಸ್ಟೆರಾನ್ ಇಳಿಯುತ್ತದೆ, ಆಸೆಯೂ ಇಳಿಯುತ್ತದೆ. ಎಷ್ಟೋ ಮಂದಿ ಇಂಥ ಮಾತ್ರೆಯನ್ನು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುತ್ತಾರೆ.

ರಕ್ತಪರೀಕ್ಷೆ ಬೆಳಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ಆಗಲಿ. ಮಧ್ಯಾಹ್ನ ಕೊಟ್ಟರೆ ಸಹಜವಾಗಿಯೇ ಕಡಿಮೆ ಬಂದು ಸುಮ್ಮನೆ ಗಾಬರಿಯಾಗುತ್ತದೆ. ಟೆಸ್ಟೊಸ್ಟೆರಾನ್ ಡೆಸಿಲೀಟರ್‌ಗೆ 300 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಇನ್ನೊಂದು ದಿನ ಮತ್ತೆ ನೋಡದೆ ಯಾವ ತೀರ್ಮಾನವೂ ಬೇಡ. ಜೊತೆಗೆ ಪ್ರೊಲ್ಯಾಕ್ಟಿನ್, ಥೈರಾಯ್ಡ್, ಸಕ್ಕರೆಯ ಮೂರು ತಿಂಗಳ ಸರಾಸರಿ. ಗಟ್ಟಿಯಾಗಿ ಗೊರಕೆ ಹೊಡೆದು, ಹಗಲಲ್ಲಿ ತೂಕಡಿಸುವವರಾದರೆ ಅದನ್ನೂ ವೈದ್ಯರಿಗೆ ಹೇಳಿ. ಸಾಲದ ಚಿಂತೆಯಿದ್ದರೆ ಅದನ್ನೂ. ವಯಾಗ್ರ ಜಾತಿಯ ಮಾತ್ರೆ ರಕ್ತದ ಹರಿವನ್ನು ಹೆಚ್ಚಿಸುತ್ತದೆಯೇ ಹೊರತು ಆಸೆಯನ್ನಲ್ಲ.

ಪ್ರಶ್ನೆ: ಖಿನ್ನತೆಗೆ ಎಸಿಟಲೊಪ್ರಾಮ್ ಶುರುಮಾಡಿ ಮೂರು ತಿಂಗಳು. ಮನಸ್ಸು ಹಗುರಾಗಿದೆ, ಆದರೆ ಆಸೆ ಕುಗ್ಗಿದೆ, ತೃಪ್ತಿಯೂ ತುಂಬಾ ತಡ. ಬಿಟ್ಟುಬಿಡಲೇ?
- ಎಸ್., ಮೈಸೂರು

ಉತ್ತರ: ಒಮ್ಮೆಲೇ ಬಿಡಬೇಡಿ. ತಲೆಸುತ್ತು, ಕರೆಂಟ್ ಹೊಡೆದಂಥ ಜುಮ್ಮು, ಸಿಡುಕು ಬರಬಹುದು, ಖಿನ್ನತೆ ಮರುಕಳಿಸಲೂಬಹುದು. ಮೊದಲು ನೆನಪಿಸಿಕೊಳ್ಳಿ: ಆಸೆ ಕುಗ್ಗಿದ್ದು ಮಾತ್ರೆಗೆ ಮುಂಚೆಯೋ, ಆಮೇಲೋ? ಖಿನ್ನತೆಯೇ ಆಸೆಯನ್ನು ತಿನ್ನುತ್ತದೆ. ತೃಪ್ತಿ ತಡವಾಗುವುದು ಮಾತ್ರ ಹೆಚ್ಚಾಗಿ ಎಸಿಟಲೊಪ್ರಾಮ್ ಗುಂಪಿನ ಮಾತ್ರೆಗಳದೇ ಕೆಲಸ. ಡೋಸ್ ಇಳಿಸುವುದು, ಬುಪ್ರೊಪಿಯಾನ್ ಅಥವಾ ಮಿರ್ಟಜಪೈನ್‌ಗೆ ಬದಲಿಸುವುದು ಮನೋವೈದ್ಯರಿಗೆ ಗೊತ್ತಿರುವ ದಾರಿಗಳೇ. ನೀವು ಹೇಳದಿದ್ದರೆ ಅವರಾಗಿ ಕೇಳುವುದು ಅಪರೂಪ.

ಪ್ರಶ್ನೆ: ಜನ್ನನ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿ ಕುರೂಪಿ ಮಾವುತನಿಗೆ ಮರುಳಾಗುತ್ತಾಳೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ವಿವರಣೆ ಇದೆಯೇ?
- ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅವಳನ್ನು ಸೆಳೆದದ್ದು ಮೊದಲು ರೂಪವಲ್ಲ, ರಾತ್ರಿಯಲ್ಲಿ ಕೇಳಿಬಂದ ಹಾಡು. ಮುಖ ಕಾಣುವ ಮುಂಚೆಯೇ ಮನಸ್ಸು ಹೋಗಿತ್ತು. ದೂತಿ ಬಂದು ಅವನ ವಿಕಾರವನ್ನು ಬಣ್ಣಿಸಿದರೂ ಅದು ಹಿಂದೆ ಬರಲಿಲ್ಲ. ಆಸೆ ಅರ್ಹತೆಯ ಪಟ್ಟಿ ನೋಡಿ ಹುಟ್ಟುವುದಿಲ್ಲವೆಂದು ಜನ್ನನಿಗೆ 1209ರಲ್ಲೇ ಗೊತ್ತಿತ್ತು. ಅವನು ಅದನ್ನು ಮನಸಿಜನ, ಅಂದರೆ ಮನ್ಮಥನ, ಮಾಯೆ ಎಂದು ಕರೆದು, ವಿಧಿಯನ್ನೂ ಜೊತೆಗಿಟ್ಟ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಲಿಬಿಡೊವನ್ನು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯಬಲ್ಲ ಕಾಮಶಕ್ತಿಯೆಂದು ವಿವರಿಸಿದ. ಅವನ ಜೊತೆಗಾರನಾಗಿದ್ದ ಯೂಂಗ್ ಮುಂದೆ ಅದನ್ನು ಒಟ್ಟಾರೆ ಜೀವಚೈತನ್ಯಕ್ಕೆ ವಿಸ್ತರಿಸಿದ, ಇಬ್ಬರೂ ಬೇರೆಯಾಗಲು ಇದೂ ಒಂದು ಕಾರಣ. ಆದರೆ ಅಮೃತಮತಿಯನ್ನು ರೋಗಿಯನ್ನಾಗಿ ಮಾಡಿ ಓದಬೇಡಿ. ಕಾವ್ಯಕ್ಕೆ ಬೇಕಿದ್ದದ್ದು ಜೈನ ಧರ್ಮದ ಕರ್ಮಕಥೆ. ಅದರ ನಡುವೆ ಕವಿ ಹಾಡಿನ ಸೆಳೆತವನ್ನು ಇಷ್ಟು ನಿಜವಾಗಿ ಬರೆದದ್ದೇ ಸೋಜಿಗ.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು, ಎದೆಹಾಲು ಕುಡಿಸುತ್ತಿದ್ದೇನೆ. ಆಸೆಯೂ ಇಲ್ಲ, ಸೇರಿದರೆ ಉರಿ.
- ಹೆಸರು ಬೇಡ, ಶಿರಸಿ

ಉತ್ತರ: ಹಾಲೂಡುವಾಗ ಪ್ರೊಲ್ಯಾಕ್ಟಿನ್ ಏರಿ ಈಸ್ಟ್ರೊಜನ್ ಇಳಿದಿರುತ್ತದೆ, ಯೋನಿ ಒಣಗಿರುತ್ತದೆ. ಜೊತೆಗೆ ನಿದ್ದೆಗೇಡು. ಹಾಲು ಬಿಡಿಸುತ್ತಾ ಬಂದಂತೆ ಸರಿಹೋಗುತ್ತದೆ. ಅಲ್ಲಿಯವರೆಗೆ ನೀರಿನ ಅಂಶದ ಲೂಬ್ರಿಕೆಂಟ್ ಧಾರಾಳವಾಗಿ ಬಳಸಿ. ಆದರೂ ಉರಿ ಹೋಗದಿದ್ದರೆ ಹೊಲಿಗೆಯ ಜಾಗವನ್ನು ವೈದ್ಯರಿಗೆ ತೋರಿಸಿ. ಕಾಂಡೋಮ್ ಇದ್ದರೆ ಕೊಬ್ಬರಿ ಎಣ್ಣೆ ಬೇಡ, ಲೇಟೆಕ್ಸ್ ಹರಿಯುತ್ತದೆ. ಮುಟ್ಟು ಬಂದಿಲ್ಲವೆಂದು ಕಾಂಡೋಮ್ ಬಿಡಲೂ ಬೇಡಿ. ಅಂಡಾಣು ಬಿಡುಗಡೆ ಮುಟ್ಟಿಗಿಂತ ಮುಂಚೆಯೇ ಶುರುವಾಗಬಹುದು.